ಸ್ಲೈಡ್ ನೋಡಿದ್ದಾಯ್ತು, ಕಾಯ್ದೆ ಓದಿದ್ರಾ?

“ಮೇಡಂ, ಎಲ್ಲರ ಬೇಸಿಕ್ಕೂ ಒಟ್ಟು ಸಂಬಳದ ಅರ್ಧಕ್ಕೆ ತಂದುಬಿಟ್ಟಿದ್ದೀವಿ. ಇನ್ನೇನೂ ತೊಂದ್ರೆ ಇಲ್ಲ ಅಲ್ವಾ?”

2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಅಂದಿನಿಂದ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಎಚ್‌ಆರ್‌ನವರು ಕೇಳಿದರೆ ಬೇಜಾರಿಲ್ಲ, ಅವರಿಗೆ ಬೇರೆ ನೂರು ತಲೆಬಿಸಿ. ಸಿಎಫ್‌ಒಗಳು, ಅಂದರೆ ಕಂಪನಿಯ ಹಣಕಾಸು ಮುಖ್ಯಸ್ಥರು, ಕೇಳಿದರೂ ಸಹಿಸಿಕೊಳ್ಳುತ್ತೇನೆ. ಆದರೆ ಮೊನ್ನೆ ನಮ್ಮದೇ ಆಕ್ಚುರಿ ಕಸುಬಿನ ಹುಡುಗನೊಬ್ಬ, ಅಷ್ಟೂ ಪರೀಕ್ಷೆ ಪಾಸು ಮಾಡಿ ಫೆಲೋ ಆದವನು, ನನಗೇ ಇದನ್ನು ಪಾಠ ಹೇಳಿದ. “ಫಿಫ್ಟಿ ಪರ್ಸೆಂಟ್ ರೂಲ್ ಮೇಡಂ. ವೆಬಿನಾರ್‌ನಲ್ಲಿ ಹೇಳಿದ್ರಲ್ಲ.” ಅದಕ್ಕೇ ಈ ಅಂಕಣ.

ಗ್ರಾಚ್ಯುಟಿ ಎಂದರೆ ಕೆಲಸ ಬಿಡುವಾಗ ಸೇವೆಯ ವರ್ಷಗಳ ಲೆಕ್ಕದಲ್ಲಿ ಕೊಡುವ ಇಡಿಗಂಟು. ಮುಂದೆ ಕೊಡಬೇಕಾದ ಆ ಹೊರೆ ಇಂದಿಗೆ ಎಷ್ಟು ಎಂದು ಅಂದಾಜು ಮಾಡುವವರು ನಾವು, ಆಕ್ಚುರಿಗಳು. ಇದನ್ನು ಇನ್ನೂ ವಿವರಿಸುವುದಿಲ್ಲ. ಸಂಬಳ ಕೊಡುವವರಿಗೂ ತೆಗೆದುಕೊಳ್ಳುವವರಿಗೂ ಅಷ್ಟು ಗೊತ್ತಿರುತ್ತದೆ. ನೇರವಾಗಿ ಹೇಳುತ್ತೇನೆ: ಬೇಸಿಕ್ ಅರ್ಧ ಇರಬೇಕು ಎಂದು ಆ ನಾಲ್ಕರಲ್ಲಿ ಗ್ರಾಚ್ಯುಟಿಯ ನಿಯಮಗಳಿರುವ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಎಲ್ಲೂ ಬರೆದಿಲ್ಲ.

ಬರೆದಿರುವುದು ಹೀಗೆ. ನೌಕರರಿಗೆ ಕೊಡುವ ಸಂಬಳ, ಭತ್ಯೆ ಎಲ್ಲವೂ ಮೊದಲಿಗೆ ವೇತನವೇ. ಆಮೇಲೆ ಒಂದು ಪಟ್ಟಿ ಕೊಟ್ಟಿದ್ದಾರೆ. ಎಚ್‌ಆರ್‌ಎ ಅಂದರೆ ಮನೆ ಬಾಡಿಗೆ ಭತ್ಯೆ, ಓಡಾಟದ ಭತ್ಯೆ, ಪಿಎಫ್‌ಗೆ ಮಾಲೀಕರು ಕಟ್ಟುವ ಪಾಲು, ಓವರ್‌ಟೈಮ್, ಕಮಿಷನ್, ಕಾನೂನಿನ ಪ್ರಕಾರ ಕೊಡಲೇಬೇಕಾದ ಬೋನಸ್, ಇಂಥವು. ಅವನ್ನು ಕಳೆಯಬಹುದು. ಹೀಗೆ ಕಳೆದದ್ದು ಒಟ್ಟು ಮೊತ್ತದ ಅರ್ಧ ದಾಟಿದರೆ, ದಾಟಿದಷ್ಟನ್ನು ವಾಪಸ್ ವೇತನಕ್ಕೆ ಸೇರಿಸಬೇಕು. ಅಷ್ಟೇ.

ಇನ್ನೊಂದು ಸಲ ಹೇಳುತ್ತೇನೆ, ಎಲ್ಲರೂ ಎಡವುವುದು ಇಲ್ಲೇ. ಅರ್ಧ ಎಂಬ ಮಿತಿ ಇರುವುದು ಕಳೆಯುವುದಕ್ಕೆ. ಆ ಮಿತಿಯಿಂದಾಗಿ ವೇತನ ಅರ್ಧಕ್ಕಿಂತ ಕೆಳಗೆ ಇಳಿಯುವುದಿಲ್ಲ. ಮೇಲೆ ಹೋಗಲು ಯಾವ ಅಡ್ಡಿಯೂ ಇಲ್ಲ. ಅರವತ್ತು ಪರ್ಸೆಂಟ್ ಆಗಬಹುದು, ಎಂಬತ್ತೂ ಆಗಬಹುದು. ಎಷ್ಟು ಎನ್ನುವುದು ಪೇಸ್ಲಿಪ್ಪಿನಲ್ಲಿ ಏನೇನಿದೆ ಎಂಬುದರ ಮೇಲೆ ಹೋಗುತ್ತದೆ. ಮತ್ತು ಆ ಪಟ್ಟಿಯಲ್ಲಿ ಸ್ಪೆಷಲ್ ಅಲೋಯನ್ಸ್ ಇಲ್ಲ. 1972ರ ಗ್ರಾಚ್ಯುಟಿ ಕಾಯ್ದೆಯಲ್ಲಿ ಬೋನಸ್, ಕಮಿಷನ್, ಎಚ್‌ಆರ್‌ಎ, ಓವರ್‌ಟೈಮ್ ಎಂದೆಲ್ಲ ಹೇಳಿ, ಕೊನೆಗೆ ಬೇರೆ ಯಾವುದೇ ಭತ್ಯೆಯೂ ವೇತನವಲ್ಲ ಎಂದು ಸೇರಿಸಿದ್ದರು. ಹಾಗಾಗಿ ಬೇಸಿಕ್ ಚಿಕ್ಕದಾಗಿಟ್ಟು, ಉಳಿದದ್ದನ್ನು ಸ್ಪೆಷಲ್ ಅಲೋಯನ್ಸ್ ಹೆಸರಿನಲ್ಲಿ ಕೊಟ್ಟು ಕಂಪನಿಗಳು ನೆಮ್ಮದಿಯಾಗಿದ್ದವು. ಹೊಸ ಸಂಹಿತೆಯಲ್ಲಿ ಆ ಕೊನೆಯ ಸಾಲು ಇಲ್ಲ.

ಒಂದು ಪೇಸ್ಲಿಪ್ ನೋಡೋಣ. ತಿಂಗಳಿಗೆ ಒಟ್ಟು 1,00,000 ರೂಪಾಯಿ. ಅದರಲ್ಲಿ ಬೇಸಿಕ್ 30,000, ಎಚ್‌ಆರ್‌ಎ 15,000, ಓಡಾಟಕ್ಕೆ 5,000, ಮಾಲೀಕರ ಪಿಎಫ್ ಪಾಲು 3,600. ಉಳಿದ 46,400 ಸ್ಪೆಷಲ್ ಅಲೋಯನ್ಸ್. ಹತ್ತು ವರ್ಷದ ಸರ್ವಿಸ್ ಎಂದುಕೊಳ್ಳಿ. ತಿಂಗಳಿಗೆ 26 ದಿನ ಎಂದು ಹಿಡಿದು, ವರ್ಷಕ್ಕೆ 15 ದಿನದ ವೇತನ ಕೊಡುವುದು ಸೂತ್ರ. ಹಳೇ ಲೆಕ್ಕದಲ್ಲಿ 30,000ವನ್ನು 26ರಿಂದ ಭಾಗಿಸಿ, 15ರಿಂದಲೂ 10ರಿಂದಲೂ ಗುಣಿಸಿದರೆ ಗ್ರಾಚ್ಯುಟಿ ಸುಮಾರು 1,73,000 ರೂಪಾಯಿ. ಅರ್ಧ ಬೇಸಿಕ್ ಎನ್ನುವವರ ಲೆಕ್ಕದಲ್ಲಿ 50,000ಕ್ಕೆ ಸುಮಾರು 2,88,000. ಕಾಯ್ದೆ ಓದಿಕೊಂಡು ಮಾಡಿದರೆ ಕಳೆಯಬಹುದಾದದ್ದು 15,000, 5,000 ಮತ್ತು 3,600, ಒಟ್ಟು 23,600. ಅರ್ಧದ ಹತ್ತಿರಕ್ಕೂ ಬರಲಿಲ್ಲ. ವಾಪಸ್ ಸೇರಿಸುವ ಪ್ರಶ್ನೆಯೇ ಏಳಲಿಲ್ಲ. ವೇತನ 76,400. ಗ್ರಾಚ್ಯುಟಿ ಸುಮಾರು 4,41,000.

ಈಗ ಬೇಸಿಕ್ಕನ್ನು 50,000ಕ್ಕೆ ಏರಿಸಿ, ಆ 20,000ವನ್ನು ಸ್ಪೆಷಲ್ ಅಲೋಯನ್ಸಿನಿಂದ ಇಳಿಸಿದರೆ ಏನಾಗುತ್ತದೆ? ಪಿಎಫ್‌ನ ಸಣ್ಣ ವ್ಯತ್ಯಾಸ ಬಿಟ್ಟರೆ ಈ ಮೊತ್ತ ಅಲ್ಲಾಡುವುದಿಲ್ಲ. ಎಡಗಿಸೆಯ ದುಡ್ಡು ಬಲಗಿಸೆಗೆ ಹೋಯಿತು, ಅಷ್ಟೇ. ಇದಕ್ಕಾಗಿ ಸಾವಿರಾರು ಜನರ ಅಪಾಯಿಂಟ್‌ಮೆಂಟ್ ಲೆಟರ್ ಬದಲಿಸಿದವರನ್ನು ನೋಡಿದ್ದೇನೆ.

ಒಂದು ಎಚ್ಚರಿಕೆ ಹೇಳಲೇಬೇಕು. ಇದು ನನ್ನ ಓದು. ಇನ್ಸೆಂಟಿವ್, ವಸ್ತು ರೂಪದಲ್ಲಿ ಕೊಡುವ ಸೌಲಭ್ಯ, ಕೆಲಸದ ಖರ್ಚಿಗೆಂದು ಕೊಡುವ ಹಣ, ಇವುಗಳಲ್ಲಿ ವಾದಕ್ಕೆ ಜಾಗ ಇದೆ. ನಿಮ್ಮ ಲಾಯರನ್ನು ಕೇಳಿ. ಅಂಕಣ ಓದಿಕೊಂಡು ಪೇರೋಲ್ ಬದಲಿಸಬೇಡಿ.

ನನಗೆ ಸಿಟ್ಟು ಬರುವುದು ತಪ್ಪು ತಿಳಿದುಕೊಂಡಿದ್ದಕ್ಕಲ್ಲ. ಈ ಸಂಹಿತೆ ಸಂಸತ್ತಿನಲ್ಲಿ ಪಾಸಾದದ್ದು 2020ರಲ್ಲಿ. ಜಾರಿಯಾಗಲು ಐದು ವರ್ಷ ಹಿಡಿಯಿತು. ವೇತನದ ವ್ಯಾಖ್ಯೆ ಅಷ್ಟು ದಿನವೂ ಕಣ್ಣೆದುರೇ ಇತ್ತು. ಓದಲು ಹತ್ತು ನಿಮಿಷ ಸಾಕು, ಅರ್ಥ ಮಾಡಿಕೊಳ್ಳಲು ಒಂದು ಮಧ್ಯಾಹ್ನ. ಈ ಐದು ವರ್ಷದಲ್ಲಿ ನಮ್ಮವರೆಲ್ಲ ಸಿಪಿಡಿ, ಅಂದರೆ ವೃತ್ತಿಯಲ್ಲಿರುವವರ ಮುಂದುವರಿದ ಕಲಿಕೆಯ, ಗಂಟೆಗಳನ್ನು ತಪ್ಪದೆ ತುಂಬಿಸಿದ್ದಾರೆ. ಪ್ರಾಕ್ಟೀಸ್ ಮಾಡುವ ಆಕ್ಚುರಿಗಳು ಕಲಿಯುತ್ತಲೇ ಇರಬೇಕು, ಅದಕ್ಕೆ ಲೆಕ್ಕ ಇಡಬೇಕು ಎಂಬುದು ಇನ್‌ಸ್ಟಿಟ್ಯೂಟ್ ಆಫ್ ಆಕ್ಚುರೀಸ್ ಆಫ್ ಇಂಡಿಯಾದ ನಿಯಮ. ಒಳ್ಳೆಯ ನಿಯಮವೇ. ಆದರೆ ಗಡುವು ಹತ್ತಿರ ಬಂದಾಗ ಏನು ನಡೆಯುತ್ತದೆ ಎಂದು ಎಲ್ಲರಿಗೂ ಗೊತ್ತು. ಒಂದು ಪರದೆಯಲ್ಲಿ ವೆಬಿನಾರ್ ಮ್ಯೂಟ್ ಆಗಿ ಓಡುತ್ತಿರುತ್ತದೆ, ಇನ್ನೊಂದರಲ್ಲಿ ಕ್ಲೈಂಟಿನ ಎಕ್ಸೆಲ್. ನಡುವೆ ಹಾಜರಿ ಹಾಕಲು ಪೋಲ್ ಬಂದರೆ ಕ್ಲಿಕ್ ಮಾಡಿದರಾಯಿತು. ಕೊನೆಗೆ ಪಿಡಿಎಫ್ ಸರ್ಟಿಫಿಕೇಟ್ ಬರುತ್ತದೆ. ಅಲ್ಲಿ ಯಾರೋ ಒಂದು ಸ್ಲೈಡಿನಲ್ಲಿ ದೊಡ್ಡ ಅಕ್ಷರದಲ್ಲಿ 50% ಎಂದು ಹಾಕಿರುತ್ತಾರೆ. ಅದನ್ನು ಇನ್ನೊಬ್ಬರು ತಮ್ಮ ಸ್ಲೈಡಿಗೆ ಎತ್ತಿಕೊಳ್ಳುತ್ತಾರೆ. ಆಮೇಲೆ ಅದು ವಾಟ್ಸಾಪಿಗೆ ಬರುತ್ತದೆ. ಅಲ್ಲಿಂದ ಸಿಎಫ್‌ಒ ತಲೆಗೆ.

ಸೆಮಿನಾರ್ ಬೇಡ ಎನ್ನುತ್ತಿಲ್ಲ. ಊಟದ ಹೊತ್ತಿನಲ್ಲಿ ತಟ್ಟೆ ಹಿಡಿದು ನಿಂತು ಹಿರಿಯರಿಂದ ಕಲಿತದ್ದು ಎಷ್ಟೋ ಇದೆ. ವೇದಿಕೆ ಮೇಲೆ ಹೇಳದ್ದನ್ನು ಅಲ್ಲಿ ಹೇಳುತ್ತಾರೆ. ಆದರೆ ಮೂಲ ಓದದೆ ಹೋಗಿ ಕೂತರೆ ಕೇಳಲು ಒಂದು ಪ್ರಶ್ನೆಯೂ ಹುಟ್ಟುವುದಿಲ್ಲ.

ಕ್ಲೈಂಟುಗಳದ್ದು ಇನ್ನೊಂದು ವರಸೆ. “ಅದೇ ಫಾರ್ಮುಲಾ, ಅದೇ ಸಾಫ್ಟ್‌ವೇರ್. ಕಳೆದ ವರ್ಷದ ಅಸಂಪ್ಷನ್ನೇ ಹಾಕಿ ಕೊಡಿ ಮೇಡಂ, ಫೀಸ್ ಯಾಕೆ ಜಾಸ್ತಿ?” ಫಾರ್ಮುಲಾ ಅದೇ ಹೌದು. ಹೊರೆ ಅಳೆಯುವ ಪ್ರೊಜೆಕ್ಟೆಡ್ ಯೂನಿಟ್ ಕ್ರೆಡಿಟ್ ವಿಧಾನವನ್ನು ಯಾರೂ ಬದಲಿಸಿಲ್ಲ. ಬದಲಾಗುವುದು ಅದರೊಳಗೆ ಹೋಗುವ ಅಂಕಿಗಳು. ಹೊರಗೆ ಬಂದ ಅಂಕಿ ಲೆಕ್ಕಪತ್ರದ ಯಾವ ಸಾಲಿನಲ್ಲಿ ಕೂರಬೇಕು ಎಂಬುದೂ ಬದಲಾಗುತ್ತದೆ. ಸಾಫ್ಟ್‌ವೇರ್ ಅದನ್ನು ಹೇಳುವುದಿಲ್ಲ.

ಡಿಸೆಂಬರ್ ತ್ರೈಮಾಸಿಕ ಮುಗಿಸುವಾಗ ಒಬ್ಬ ಸಿಎಫ್‌ಒ ರಾತ್ರಿ ಫೋನ್ ಮಾಡಿದರು. ಒಳ್ಳೆಯ ಮನುಷ್ಯ, ಯಾವತ್ತೂ ದನಿ ಏರಿಸಿದವರಲ್ಲ. ಅಂದು ಏರಿಸಿದರು. ಗ್ರಾಚ್ಯುಟಿ ಹೊರೆ ಒಂದೇ ಏಟಿಗೆ ಮೇಲೆ ಹೋಗಿತ್ತು. “ಇದನ್ನ ಒಸಿಐಗೆ ಹಾಕಿಬಿಡಿ ಮೇಡಂ, ಲಾಭಕ್ಕೆ ಪೆಟ್ಟು ಬೀಳಬಾರದು.” ಒಸಿಐ ಎಂದರೆ ಲಾಭದ ಲೆಕ್ಕದ ಆಚೆಗೆ ತೋರಿಸುವ ಏರಿಳಿತ. ನಾವು ಅಂದಾಜು ಮಾಡಿದ್ದಕ್ಕಿಂತ ಸಂಬಳ ಜಾಸ್ತಿ ಏರಿದರೆ, ಸರ್ಕಾರಿ ಬಾಂಡಿನ ಬಡ್ಡಿ ಇಳಿದರೆ, ಅಂಥ ನಷ್ಟ ದೊಡ್ಡ ಕಂಪನಿಗಳ ಲೆಕ್ಕಪತ್ರ ಮಾನದಂಡವಾದ ಇಂಡ್ ಎಎಸ್ 19ರ ಪ್ರಕಾರ ಅಲ್ಲಿಗೆ ಹೋಗುತ್ತದೆ. ಇಲ್ಲಿ ಆದದ್ದು ಅದಲ್ಲ. ಕಾನೂನೇ ಬದಲಾಗಿ, ಕೊಡಬೇಕಾದ ಮೊತ್ತವೇ ಬೇರೆಯಾಯಿತು. ಗ್ರಾಚ್ಯುಟಿಯನ್ನು ಕೊನೆಯ ವೇತನದ ಮೇಲೆ ಲೆಕ್ಕ ಹಾಕುವುದರಿಂದ ಹಿಂದೆ ದುಡಿದ ಅಷ್ಟೂ ವರ್ಷಕ್ಕೆ ಹೊಸ ವೇತನವೇ ಅನ್ವಯ. ಇದು ಹಿಂದಿನ ಸೇವೆಯ ವೆಚ್ಚ. ತಕ್ಷಣ ಲಾಭ-ನಷ್ಟದ ಲೆಕ್ಕಕ್ಕೇ ಬರಬೇಕು. ಚಾರ್ಟರ್ಡ್ ಅಕೌಂಟೆಂಟ್‌ಗಳ ಸಂಸ್ಥೆ ಐಸಿಎಐ ಕೂಡ ಅದನ್ನೇ ಹೇಳಿತು. ಟಿಸಿಎಸ್, ಇನ್ಫೋಸಿಸ್‌ನಂಥ ಕಂಪನಿಗಳು ಆ ತ್ರೈಮಾಸಿಕದಲ್ಲಿ ಹೊಸ ಸಂಹಿತೆಗಳ ಬಾಬ್ತು ಸಾವಿರ ಕೋಟಿಗೂ ಮಿಕ್ಕಿದ ಮೊತ್ತವನ್ನು ಹಾಗೇ ತೋರಿಸಿದವು. ಅವರ ಹೆಸರು ಹೇಳಿದ ಮೇಲೆ ಸಿಎಫ್‌ಒ ದನಿ ಇಳಿಯಿತು. ನನ್ನ ವಿವರಣೆಗಿಂತ ಅದೇ ಕೆಲಸ ಮಾಡಿತು ಅನ್ನಿಸುತ್ತದೆ.

ಎಎಸ್ 15 ಎಂಬ ಹಳೇ ಮಾನದಂಡ ಅನುಸರಿಸುವ ಸಣ್ಣ ಕಂಪನಿಗಳಿಗೆ ಇದು ಪೂರ್ತಿ ಹೀಗೇ ಅಲ್ಲ. ಐದು ವರ್ಷ ಮುಗಿಸಿ ಹಕ್ಕು ಪಡೆದವರ ಪಾಲು ಕೂಡಲೇ ಖರ್ಚು. ಮುಗಿಸದವರ ಪಾಲನ್ನು ಮುಗಿಸುವವರೆಗೆ ಹಂಚಬಹುದು. ಎರಡೂ ಮಾನದಂಡ ಒಂದೇ ಎಂದುಕೊಂಡು ಒಂದೇ ರಿಪೋರ್ಟ್ ಕಾಪಿ ಮಾಡುವವರಿದ್ದಾರೆ. ಆಡಿಟರ್ ಎಚ್ಚರವಾಗಿದ್ದರೆ ಸಿಕ್ಕಿಬೀಳುತ್ತದೆ.

ಓದುವುದು ಎಂದೆ. ಕಾಯ್ದೆ ಮಾತ್ರ ಓದಿದರೆ ಸಾಲದು. ಪೀಣ್ಯದ ಕಡೆಯ ಒಂದು ಹಳೇ ಕಾರ್ಖಾನೆಯ ಕೆಲಸ ನಮಗೆ ಬಂದಾಗ, ಗ್ರಾಚ್ಯುಟಿ ನಿಧಿಯ ನಿಯಮಗಳಿರುವ ಟ್ರಸ್ಟ್ ಡೀಡ್ ಕಳಿಸಿ ಎಂದು ಕೇಳಿದೆವು. ಅದನ್ನು ಹುಡುಕಲು ಅವರಿಗೆ ವಾರಗಳೇ ಬೇಕಾದವು. ಕೊನೆಗೆ ಬಂದದ್ದು ಟೈಪ್ ಮಾಡಿದ ಕಾರ್ಬನ್ ಕಾಪಿ. ಪಿನ್ನು ತುಕ್ಕು ಹಿಡಿದು ಎರಡು ಹಾಳೆ ಅಂಟಿಕೊಂಡಿದ್ದವು. ನಮ್ಮಲ್ಲಿ ಆಗಷ್ಟೇ ಸೇರಿದ್ದ ಶಿವಮೊಗ್ಗದ ಹುಡುಗಿ ಅವನ್ನು ಮೆಲ್ಲಗೆ ಬಿಡಿಸಿ ಓದಿದಳು. ಹದಿನೈದು ವರ್ಷ ದಾಟಿದವರಿಗೆ ವರ್ಷಕ್ಕೆ ಹದಿನೈದು ದಿನದ ಬದಲು ಒಂದು ತಿಂಗಳ ಸಂಬಳ, ಮೇಲ್ಮಿತಿ ಇಲ್ಲ ಎಂದು ಆ ಅಂಟಿಕೊಂಡ ಹಾಳೆಯಲ್ಲಿತ್ತು. ಹಿಂದಿನ ರಿಪೋರ್ಟುಗಳಲ್ಲಿ ಮೇಲ್ಮಿತಿ ಹಾಕಿಯೇ ಲೆಕ್ಕ ಮಾಡಿದ್ದರು. 2018ರ ಮಾರ್ಚ್ 29ರಂದು ಕಾನೂನಿನ ಮಿತಿ 10 ಲಕ್ಷದಿಂದ 20 ಲಕ್ಷಕ್ಕೆ ಏರಿದಾಗ, ಅದರ ಪರಿಣಾಮ ಇಷ್ಟು ಎಂದು ಬೇರೆ ತೋರಿಸಿದ್ದರು. ಮಿತಿಯೇ ಇಲ್ಲದ ಕಡೆ! ಎಚ್‌ಆರ್ ಮ್ಯಾನೇಜರ್ ತಲೆ ಕೆರೆದುಕೊಂಡು, “ಅಯ್ಯೋ, ಇದನ್ನೆಲ್ಲ ಯಾರು ಓದ್ತಾರೆ ಮೇಡಂ” ಎಂದರು. ಆ ಹುಡುಗಿ ನನ್ನ ಮುಖ ನೋಡಿದಳು. ಅವಳ ಆ ದಿನದ ಕಲಿಕೆಗೆ ಯಾವ ಸರ್ಟಿಫಿಕೇಟೂ ಬರಲಿಲ್ಲ.

ಇನ್ನು ಪಿಂಚಣಿ. ಇಲ್ಲಿ ನನಗೆ ಸಿಟ್ಟಿಗಿಂತ ಭಯ ಜಾಸ್ತಿ. ಕೇಂದ್ರ ಸರ್ಕಾರ 2004ರಿಂದ, ಕರ್ನಾಟಕ 2006ರಿಂದ ಹೊಸಬರನ್ನು ಎನ್‌ಪಿಎಸ್‌ಗೆ, ಅಂದರೆ ಇಷ್ಟೇ ಪಿಂಚಣಿ ಎಂಬ ಭರವಸೆ ಇಲ್ಲದ, ಕಟ್ಟಿದ ಹಣ ಬೆಳೆದಷ್ಟು ಸಿಗುವ ಯೋಜನೆಗೆ ಸೇರಿಸಿದವು. ಖಾಸಗಿ ಕಂಪನಿಗಳಲ್ಲಂತೂ ಜೀವನಪರ್ಯಂತ ಪಿಂಚಣಿ ಕೊಡುವ ಯೋಜನೆಗಳು ಅಪರೂಪ. ಹಾಗಾಗಿ ಈಗಿನ ಹುಡುಗರು ಕಲಿತದ್ದೆಲ್ಲ ಗ್ರಾಚ್ಯುಟಿ ಮತ್ತು ರಜೆ ಲೆಕ್ಕ. ಒಂದು ಸಲ ಕೊಟ್ಟರೆ ಮುಗಿಯುವ ಬಾಬ್ತು. ಪಿಂಚಣಿಯಲ್ಲಿ ಜನ ಎಷ್ಟು ವರ್ಷ ಬದುಕುತ್ತಾರೆ ಎನ್ನುವುದೇ ಲೆಕ್ಕದ ಜೀವಾಳ. ಒಬ್ಬ ಹುಡುಗ ಪಿಂಚಣಿದಾರರಿಗೂ ವಿಮಾದಾರರ ಮರಣ ಪಟ್ಟಿಯನ್ನೇ, ಅಂದರೆ 2012-14ರ ಐಎಎಲ್‌ಎಂ ಅನ್ನೇ ಹಾಕಿದ್ದ. ಗ್ರಾಚ್ಯುಟಿಗೆ ದಿನಾ ಹಾಕಿ ಕೈಗೆ ರೂಢಿಯಾಗಿತ್ತು. ಪಿಂಚಣಿ ಪಡೆಯುವವರು ಸಾಮಾನ್ಯವಾಗಿ ಇನ್ನೂ ಹೆಚ್ಚು ಕಾಲ ಬದುಕುತ್ತಾರೆ, ಅವರಿಗೆ ಬೇರೆ ಪಟ್ಟಿಯೇ ಇದೆ. ಅದನ್ನು ಬಿಟ್ಟರೆ ಹೊರೆ ಕಡಿಮೆ ಕಾಣುತ್ತದೆ. ಕಾಣುವುದು ಮಾತ್ರ ಕಡಿಮೆ, ಕೊಡುವುದಲ್ಲ.

2025ರ ಏಪ್ರಿಲ್ 1ರಿಂದ ಕೇಂದ್ರದ ನೌಕರರಿಗೆ ಯುಪಿಎಸ್, ಅಂದರೆ ಏಕೀಕೃತ ಪಿಂಚಣಿ ಯೋಜನೆ ಬಂದಿದೆ. 25 ವರ್ಷ ದುಡಿದವರಿಗೆ ಕೊನೆಯ 12 ತಿಂಗಳ ಸರಾಸರಿ ಬೇಸಿಕ್ಕಿನ ಅರ್ಧ. ಅವರು ತೀರಿಕೊಂಡರೆ ಆ ಪಿಂಚಣಿಯ 60% ಗಂಡನಿಗೋ ಹೆಂಡತಿಗೋ. ಮೇಲೆ ತುಟ್ಟಿ ಪರಿಹಾರ. ಅಂದರೆ ಬದುಕಿರುವವರೆಗಿನ ಭರವಸೆ ಮತ್ತೆ ಬಂತು. ಅದನ್ನು ಅಳೆಯಬಲ್ಲ ಹಿರಿಯರು, ಬ್ಯಾಂಕುಗಳ ಪಿಂಚಣಿ ನಿಧಿ ನೋಡಿಕೊಂಡಿದ್ದವರು, ಈಗ ಮೊಮ್ಮಕ್ಕಳನ್ನು ಶಾಲೆಗೆ ಬಿಡುತ್ತಿದ್ದಾರೆ. ನಮ್ಮ ಹುಡುಗರಿಗೆ ನಾನು ಹೇಳುವುದು, ಮುಂದಿನ ವೆಬಿನಾರಿಗೆ ಮೊದಲು ಅಂಥ ಒಬ್ಬರ ಮನೆಗೆ ಹೋಗಿ ಕೂತು ಮಾತಾಡಿ ಬನ್ನಿ. ಕಾಫಿ ಕೊಟ್ಟು ಕಳಿಸುತ್ತಾರೆ. ಸುಮ್ನೆ ಹೋಗಬೇಡಿ, ಒಂದು ಹಳೇ ರಿಪೋರ್ಟ್ ತಗೊಂಡು ಹೋಗಿ.

ಕಂಪನಿಯವರಿಗೂ ಒಂದು ಮಾತು. ಹೊಸ ಸಂಹಿತೆಯಲ್ಲಿ ನಿಗದಿತ ಅವಧಿಗೆ ನೇಮಕವಾದವರಿಗೆ ಒಂದು ವರ್ಷಕ್ಕೇ ಗ್ರಾಚ್ಯುಟಿ ಹಕ್ಕು ಬರುತ್ತದೆ. ಅವರ ಹೆಸರು ನಿಮ್ಮ ಮುಖ್ಯ ಪೇರೋಲಿನಲ್ಲಿ ಇರುವುದಿಲ್ಲ, ಬೇರೆ ಯಾವುದೋ ಶೀಟಿನಲ್ಲಿರುತ್ತದೆ. ಆ ಶೀಟನ್ನೂ ಕಳಿಸಿ. ಬೇಸಿಕ್, ಎಚ್‌ಆರ್‌ಎ, ಓಡಾಟದ ಭತ್ಯೆ, ಸ್ಪೆಷಲ್ ಅಲೋಯನ್ಸ್, ಪಿಎಫ್ ಪಾಲು, ಎಲ್ಲಕ್ಕೂ ಬೇರೆ ಬೇರೆ ಕಾಲಂ ಇರಲಿ. ‘ಗ್ರಾಚ್ಯುಟಿ ವೇಜಸ್’ ಅಂತ ನೀವೇ ಕೂಡಿಸಿ ಒಂದೇ ಕಾಲಂ ಮಾಡಿ ಕಳಿಸಿದರೆ, ಒಳಗೆ ಏನು ಸೇರಿಸಿದ್ದೀರಿ, ಏನು ಬಿಟ್ಟಿದ್ದೀರಿ ಎಂದು ನಮಗೆ ತಿಳಿಯುವುದಿಲ್ಲ. ಏಪ್ರಿಲ್ ಎರಡನೇ ವಾರ ಅದನ್ನು ಕೇಳಿಕೊಂಡು ನಾನು ಫೋನ್ ಮಾಡಬೇಕಾಗುತ್ತದೆ, ಆ ಹೊತ್ತಿಗೆ ನೀವು ಆಡಿಟರ್ ಜೊತೆ ಮೀಟಿಂಗಿನಲ್ಲಿರುತ್ತೀರಿ.