ಸಿನಿಮಾದಾಚೆಯ ಹಾಡು ಮಲೆನಾಡಿಗೆ ಬಂದ ದಾರಿ

ಸಿನಿಮಾ ಹಾಡನ್ನು ಯಾರೂ ಶಿಫಾರಸು ಮಾಡಬೇಕಿಲ್ಲ. ಬಸ್ಸಿನಲ್ಲಿ, ಮದುವೆ ಮನೆಯಲ್ಲಿ ತಾನಾಗಿ ಕಿವಿಗೆ ಬೀಳುತ್ತದೆ. ಸಿನಿಮಾದ ಹಂಗಿಲ್ಲದೆ ಹುಟ್ಟಿದ ಹಾಡಿಗೆ ಮಾತ್ರ ‘ಇದನ್ನೊಮ್ಮೆ ಕೇಳು ಮಾರಾಯ’ ಎನ್ನುವವರು ಬೇಕು. ಇವತ್ತು ಇಂಡೀ ಎನ್ನುತ್ತೇವಲ್ಲ, ಆ ಸಂಗೀತಕ್ಕೆ ಇಲ್ಲದಿರುವುದು ಅಂಥವರೇ.

ಮಲೆನಾಡಿಗೆ ಈ ಕೆಲಸವನ್ನು ಬಹುಕಾಲ ಮಾಡಿದ್ದು ಭದ್ರಾವತಿ ಆಕಾಶವಾಣಿ. 675 ಕಿಲೋಹರ್ಟ್ಸ್‌ನಲ್ಲಿ ಭಾವಗೀತೆ, ಜನಪದ ಗೀತೆಗಳು ಕಾಡಂಚಿನ ಒಂಟಿಮನೆಗೂ ಬರುತ್ತಿದ್ದವು. ನಿಲಯದಲ್ಲಿ ಕೂತ ಯಾರೋ ಒಬ್ಬರು ಕೇಳಿ, ತೂಗಿ, ಆರಿಸಿದ ಹಾಡುಗಳವು. 1978ರಲ್ಲಿ ‘ನಿತ್ಯೋತ್ಸವ’ ಕ್ಯಾಸೆಟ್ ಬಂತು. ಕವಿತೆ ನಿಸಾರ್ ಅಹಮದ್ ಅವರದು. ಜೋಗ, ತುಂಗೆಯರನ್ನು ನೆನೆವ ಶೀರ್ಷಿಕೆ ಗೀತೆಗೆ ರಾಗ ಹಾಕಿದವರು ಮೈಸೂರು ಅನಂತಸ್ವಾಮಿ. ಪರದೆಯ ಮೇಲೆ ನಾಯಕ ನಾಯಕಿಯರಿಲ್ಲದೆಯೂ ಕನ್ನಡ ಹಾಡನ್ನು ಜನ ದುಡ್ಡು ಕೊಟ್ಟು ಒಯ್ದರು. ಹೊಸನಗರ ತಾಲ್ಲೂಕಿನ ನಗರದಲ್ಲಿ ಹುಟ್ಟಿದ ಶಿವಮೊಗ್ಗ ಸುಬ್ಬಣ್ಣನವರಿಗೆ ರಾಷ್ಟ್ರಪ್ರಶಸ್ತಿ ತಂದದ್ದು ಸಿನಿಮಾ ಗೀತೆಯೇ. ಆದರೂ ನಮ್ಮ ಕಡೆ ಮನೆಮನೆಯಲ್ಲಿ ಅವರು ಉಳಿದದ್ದು ಕುವೆಂಪು, ಬೇಂದ್ರೆಯವರ ಕವಿತೆಗಳ ದನಿಯಾಗಿ.

ಹೆಗ್ಗೋಡಿನದು ಇನ್ನೊಂದು ದಾರಿ. 1985ರಿಂದ ನೀನಾಸಂ ತಿರುಗಾಟ ಊರೂರಿಗೆ ಹೋದಂತೆ ರಂಗಗೀತೆಗಳೂ ಹೋದವು. ನಾಟಕ ಮುಗಿಸಿ ಹೊರಟವರ ಬಾಯಲ್ಲೇ ಹಾಡು ಮುಂದಿನ ಊರು ಸೇರುತ್ತಿತ್ತು. ಇದಕ್ಕಿಂತ ನಂಬಿಕಸ್ಥ ಶಿಫಾರಸು ನನಗೆ ಗೊತ್ತಿಲ್ಲ.

ಮುಂದೆ ಕ್ಯಾಸೆಟ್ ಅಂಗಡಿಗಳು ಮುಚ್ಚಿದವು. 2016ರಲ್ಲಿ ಜಿಯೋ ಬಂದು ಡೇಟಾ ಅಗ್ಗವಾಯಿತು, 2019ರಲ್ಲಿ ಸ್ಪಾಟಿಫೈ ಬಂತು. ಹಾಡುಗಳಿಗೇನೂ ಬರವಿಲ್ಲ. ಆದರೆ ನೀವು ಕೇಳಿದ್ದನ್ನು ನೋಡಿಕೊಂಡು ಫೋನು ಅಂಥದ್ದನ್ನೇ ಮತ್ತೆ ಬಡಿಸುತ್ತದೆ. ಸಿನಿಮಾ ಹಾಡು ಕೇಳಿದವರಿಗೆ ಸಿಗುವುದು ಇನ್ನಷ್ಟು ಸಿನಿಮಾ ಹಾಡು.

ಹಾಗಾಗಿ ನಾನೇ ಹೇಳುತ್ತೇನೆ. ರಘು ದೀಕ್ಷಿತ್ ಅವರ 2008ರ ಆಲ್ಬಮ್‌ನಿಂದ ಶುರುಮಾಡಿ. ಶರೀಫರ ತತ್ವಪದ ಗಿಟಾರಿನ ಜೊತೆ ಎಷ್ಟು ಸಲೀಸಾಗಿ ನಡೆಯುತ್ತದೆ ನೋಡಿ. ಆಮೇಲೆ ಸ್ವರಾತ್ಮ ತಂಡದ 2009ರ ಆಲ್ಬಮ್, ಪಿಟೀಲಿನ ಮೇಲೆ ಕಿವಿಯಿಟ್ಟು. ಅದೇ ತಂಡದ ವಾಸು ದೀಕ್ಷಿತ್ ಈಗ ತಮ್ಮದೇ ಬಳಗ ಕಟ್ಟಿಕೊಂಡು ಹಾಡುತ್ತಿದ್ದಾರೆ, ಅದನ್ನೂ ಹುಡುಕಿ. ಬಿಂದುಮಾಲಿನಿಯವರ ದನಿಯನ್ನು ರಾತ್ರಿ ಊಟವಾದ ಮೇಲೆ, ಬೇರೆ ಕೆಲಸ ಇಟ್ಟುಕೊಳ್ಳದೆ ಕೇಳಿ.

ಮನೆಯಲ್ಲಿ ನೆಟ್‌ವರ್ಕ್ ಸಿಗದಿದ್ದರೆ ಪೇಟೆಗೆ ಬಂದಾಗ ಡೌನ್‌ಲೋಡ್ ಮಾಡಿಕೊಳ್ಳಿ. ಹಿಡಿಸಿದ್ದನ್ನು ಮನೆಯವರ ವಾಟ್ಸಾಪ್ ಗುಂಪಿಗೆ ಕಳಿಸುವಾಗ ಬರೀ ಲಿಂಕ್ ಹಾಕಬೇಡಿ. ಯಾವ ಸಾಲು, ಯಾವ ವಾದ್ಯ ಹಿಡಿಸಿತೆಂದು ಎರಡು ಮಾತು ಬರೆಯಿರಿ.