ಪುಣ್ಯಕೋಟಿ ಕಥೆಯಲ್ಲಿ ಹುಲಿ ಯಾಕೆ ಸಾಯಬೇಕು?

ಗೋವಿನ ಹಾಡನ್ನು ಮಕ್ಕಳಿಗೆ ಹೇಳಿಕೊಟ್ಟವರಿಗೆ ಈ ಪ್ರಶ್ನೆ ಗೊತ್ತು. ಹಸು ಕೊಟ್ಟ ಮಾತಿನಂತೆ ವಾಪಸ್ ಬಂತು, ಸರಿ. ಹುಲಿ ಅದನ್ನು ತಿನ್ನದೆ ಬಿಟ್ಟಿತು, ಅದೂ ಸರಿ. ಆಮೇಲೆ ಹುಲಿ ಯಾಕೆ ಪ್ರಾಣ ಬಿಡಬೇಕಿತ್ತು? ಹಸಿವಾಗಿದ್ದು ಅದರ ತಪ್ಪಾ?

ಚಿಕ್ಕಮಗಳೂರು ಜಿಲ್ಲೆಯಲ್ಲಿ ಇದು ಬರೀ ಪಾಠದ ಪ್ರಶ್ನೆಯಲ್ಲ. ಬಯಲುಸೀಮೆ ಕಡೆ ಅಜ್ಜಂಪುರದ ಅಮೃತಮಹಲ್ ದನಗಳ ತಳಿ ಕೇಂದ್ರ ಇದೆ, ಮೈಸೂರು ಅರಸರ ಕಾಲದಿಂದ ದನಗಳಿಗೆಂದೇ ಬಿಟ್ಟ ಕಾವಲುಗಳಿವೆ, ಗೊಲ್ಲರಹಟ್ಟಿಗಳಿವೆ. ಮಲೆನಾಡಿನ ಕಡೆ ಹೋದರೆ ಭದ್ರಾ ಹುಲಿ ಮೀಸಲು ಪ್ರದೇಶ. ಹಾಡಿನ ಕಾಳಿಂಗ ಗೊಲ್ಲನೂ ಅರ್ಬುತ ವ್ಯಾಘ್ರನೂ ಇಲ್ಲಿ ಅಕ್ಕಪಕ್ಕದ ಊರಿನವರು.

ಇಂಥ ಕಥೆ ನಮ್ಮಲ್ಲಿ ಮಾತ್ರ ಇಲ್ಲ. ಗುಜರಾತ್, ಮಹಾರಾಷ್ಟ್ರ ಕಡೆ ಬಹುಲಾ ಎಂಬ ಹಸುವಿನ ಕಥೆಯಿದೆ. ಶ್ರಾವಣದ ಬಹುಲಾ ಚತುರ್ಥಿ ವ್ರತದ ದಿನ ಅದನ್ನು ಹೇಳುತ್ತಾರೆ. ಅಲ್ಲಿ ಹಸುವನ್ನು ತಡೆಯುವ ಸಿಂಹ ನಿಜವಾದ ಸಿಂಹ ಅಲ್ಲ, ಪರೀಕ್ಷೆ ಮಾಡಲು ಬಂದ ಕೃಷ್ಣ. ಹಸು ಮಾತಿನಂತೆ ತಿರುಗಿ ಬಂದಾಗ ಅವನು ಮೆಚ್ಚಿ ಹರಸುತ್ತಾನೆ. ಯಾರೂ ಸಾಯುವುದಿಲ್ಲ.

ಕನ್ನಡದ ಹಾಡು ಕಟ್ಟಿದವರು ಯಾರೋ, ಹೆಸರು ಉಳಿದಿಲ್ಲ. ಆದರೆ ಅವರು ದೊಡ್ಡ ಕವಿ. ಅವರ ಹುಲಿ ವೇಷ ಹಾಕಿದ ದೇವರಲ್ಲ. ಬೆಟ್ಟದ ಅಡಿಯಲ್ಲಿ ವಾಸ ಮಾಡುವ, ಹೊಟ್ಟೆ ಹಸಿದ ನಿಜವಾದ ಹುಲಿ. ಅದು ಹಸುವನ್ನು ಒಡಹುಟ್ಟಿದ ಅಕ್ಕ ಅನ್ನುತ್ತದೆ, ಮೇಲಕ್ಕೆ ನೆಗೆದು ಪ್ರಾಣ ಬಿಡುತ್ತದೆ. ನನಗಂತೂ ಇದು ಶಿಕ್ಷೆಯಾಗಿ ಕಾಣುವುದಿಲ್ಲ. ಹಸುವಿನ ಸತ್ಯ ಮೊದಲೇ ಗಟ್ಟಿಯಾಗಿತ್ತು. ಬದಲಾಗಿದ್ದು ಹುಲಿ. ಇಡೀ ಹಾಡಿನಲ್ಲಿ ಒಳಗೊಳಗೇ ಒಂದು ದೊಡ್ಡ ದಾರಿ ಸವೆಸಿದ್ದು ಅದೊಂದೇ. ತಿಂದರೆ ತನ್ನ ಮನಸ್ಸಿಗೆ ಒಗ್ಗದು, ತಿನ್ನದಿದ್ದರೆ ಬದುಕಿಲ್ಲ. ಈ ಸಂಕಟವನ್ನು ಮಕ್ಕಳು ನಮಗಿಂತ ಬೇಗ ಹಿಡಿಯುತ್ತಾರೆ, ಅದಕ್ಕೇ ಆ ಪ್ರಶ್ನೆ ಕೇಳುತ್ತಾರೆ.

ಪೂರ್ತಿ ಹಾಡು ಅಲ್ಲಿಗೆ ನಿಲ್ಲುವುದಿಲ್ಲ. ಪುಣ್ಯಕೋಟಿ ಮನೆಗೆ ಬಂದು ಕರುವಿಗೆ ಹಾಲುಣಿಸಿ, ಪ್ರತಿ ಸಂಕ್ರಾಂತಿಗೆ ಕೃಷ್ಣನನ್ನು ಭಜಿಸಿ ಅಂತ ಗೊಲ್ಲನಿಗೆ ಹೇಳುತ್ತದೆ. ಹಾಸನ, ಅರಸೀಕೆರೆ ಕಡೆ ಸಂಕ್ರಾಂತಿಗೆ ದನಗಳ ಮೈ ತೊಳೆದು, ಸಿಂಗಾರ ಮಾಡಿ, ಕಿಚ್ಚು ಹಾಯಿಸುವವರಿಗೆ ಈ ಸಾಲುಗಳ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಈ ಕಥೆಯನ್ನು ದೊಡ್ಡವರ ಚರ್ಚೆಗೆ ತಂದವರು ಹಾಸನ ಜಿಲ್ಲೆಯವರೇ. ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ ಹುಟ್ಟಿದ ಎಸ್.ಎಲ್. ಭೈರಪ್ಪ. 1968ರಲ್ಲಿ ಬಂದ ಅವರ ಕಾದಂಬರಿಗೆ ಹಾಡಿನ ಸಾಲೇ ಹೆಸರು: ‘ತಬ್ಬಲಿಯು ನೀನಾದೆ ಮಗನೆ’. ಅಮೆರಿಕದಲ್ಲಿ ವ್ಯವಸಾಯ ಓದಿ ಬಂದ ಕಾಳಿಂಗ, ಅವನ ಅಮೆರಿಕನ್ ಹೆಂಡತಿ ಹಿಲ್ಡಾ, ಪುಣ್ಯಕೋಟಿ ವಂಶದ ಹಸುಗಳನ್ನು ಸಾಕಿದ ಹಳ್ಳಿ. ಹಸು ದೇವರೋ, ಹಾಲು ಮಾಂಸ ಕೊಡುವ ಪ್ರಾಣಿ ಮಾತ್ರವೋ ಎಂಬುದೇ ಜಗಳ.

1977ರಲ್ಲಿ ಗಿರೀಶ್ ಕಾರ್ನಾಡ್ ಮತ್ತು ಬಿ.ವಿ. ಕಾರಂತ ಸೇರಿ ಅದನ್ನು ಸಿನಿಮಾ ಮಾಡಿದರು. ಹಿಂದಿಯಲ್ಲಿ ಅದು ‘ಗೋಧೂಳಿ’. ಕನ್ನಡದ ಚಿತ್ರಕ್ಕೆ ಆ ವರ್ಷದ ಅತ್ಯುತ್ತಮ ಕನ್ನಡ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಬಂತು. ಸಂಪ್ರದಾಯದ ಪರವೋ, ಹೊಸತನದ ಪರವೋ ಎಂಬ ವಾದ ಆಗ ಶುರುವಾದದ್ದು ಇನ್ನೂ ನಿಂತಿಲ್ಲ. ನನ್ನ ಮಟ್ಟಿಗೆ ಇದು ಎರಡೂ ಕಡೆಯವರ ಸಂಕಟ ಕಾಣಿಸುವ, ಮತ್ತೆ ನೋಡಬೇಕಾದ ಸಿನಿಮಾ. ಕಾಳಿಂಗನ ಪ್ರಶ್ನೆ ಈಗ ಹಾಸನದ ಹಳ್ಳಿಗಳ ದಿನನಿತ್ಯದ ಪ್ರಶ್ನೆ. ಉಳುಮೆಗೆ ಟ್ರ್ಯಾಕ್ಟರ್ ಬಂದಿದೆ. ಕೊಟ್ಟಿಗೆಯಲ್ಲಿ ಹೊರದೇಶದ ತಳಿಗಳಾದ ಎಚ್‌ಎಫ್, ಜರ್ಸಿ ಹಸುಗಳಿವೆ, ಡೇರಿಗೆ ಹಾಲು ಹೋಗುತ್ತದೆ. ಗಂಡು ಕರು ಹುಟ್ಟಿದರೆ ಏನು ಮಾಡೋದು? ಹಾಲು ಬತ್ತಿದ ಹಸುವನ್ನು ಎಷ್ಟು ದಿನ ಸಾಕೋದು? 2020ರ ಗೋಹತ್ಯೆ ನಿಷೇಧ ಕಾನೂನಿನ ಮೇಲೆ ನಡೆದ ವಾದದಲ್ಲೂ ಇದೇ ಪ್ರಶ್ನೆಗಳು ಬಂದವು. 2022ರಲ್ಲಿ ಸರ್ಕಾರ ಗೋಶಾಲೆಯ ಹಸುಗಳನ್ನು ದತ್ತು ಕೊಡುವ ಯೋಜನೆಗೆ ಪುಣ್ಯಕೋಟಿ ಅಂತಲೇ ಹೆಸರಿಟ್ಟಿತು.

ಇಷ್ಟರಲ್ಲಿ ಹುಲಿ ಎಲ್ಲಿ ಹೋಯಿತು? ಕಾದಂಬರಿ ಬಂದ 1968ಕ್ಕೂ ಸಿನಿಮಾ ಬಂದ 1977ಕ್ಕೂ ನಡುವೆ ಹುಲಿಯ ಹಣೆಬರಹವೇ ಬದಲಾಗಿತ್ತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು, 1973ರಲ್ಲಿ ಹುಲಿ ಯೋಜನೆ. ಮೊದಲು ಬೇಟೆಯ ಪ್ರಾಣಿಯಾಗಿದ್ದ ಹುಲಿಯನ್ನು ಉಳಿಸುವುದು ದೇಶದ ಕೆಲಸವಾಯಿತು. 1998ರಲ್ಲಿ ಭದ್ರಾ ಹುಲಿ ಮೀಸಲು ಆಯಿತು. ಮುಂದಿನ ಕೆಲವೇ ವರ್ಷಗಳಲ್ಲಿ ಕಾಡಿನೊಳಗಿನ ಊರುಗಳ ಜನ ಎಂ.ಸಿ. ಹಳ್ಳಿ, ಕೆಳಗೂರು ಕಡೆ ಹೋಗಿ ನೆಲೆಸಿದರು. ಹಾಡಿನಲ್ಲಿ ಹುಲಿ ಜಾಗ ಬಿಟ್ಟುಕೊಟ್ಟಿತ್ತು. ಇಲ್ಲಿ ಮನುಷ್ಯರು ಮನೆ ಗದ್ದೆ ಬಿಟ್ಟುಕೊಟ್ಟರು. ಆ ಕುಟುಂಬಗಳ ತ್ಯಾಗವನ್ನು ನಾವು ನೆನೆಯುವುದು ತುಂಬಾ ಕಡಿಮೆ.

ಹುಲಿಯ ಕಡೆ ಮತ್ತೆ ತಿರುಗಿದ್ದು 2020ರ ‘ಪುಣ್ಯಕೋಟಿ’ ಎಂಬ ಸಂಸ್ಕೃತ ಅನಿಮೇಷನ್ ಸಿನಿಮಾ. ಜನರಿಂದ ಹಣ ಕೂಡಿಸಿ ಮಾಡಿದ ಚಿತ್ರ ಅದು. ಇಳಯರಾಜ ಸಂಗೀತ, ಹಸುವಿಗೆ ರೇವತಿ ಅವರ ದನಿ. ನಿರ್ದೇಶಕ ರವಿಶಂಕರ್ ಹಳೆಯ ಕಥೆಯನ್ನು ಮನುಷ್ಯ ಮತ್ತು ಕಾಡುಪ್ರಾಣಿಗಳ ಸಂಘರ್ಷದ ಕಡೆ ಎಳೆದರು. ಮೂಲ ಹಾಡನ್ನು ಹೀಗೆ ಬದಲಿಸಬಾರದು ಅನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ನಮ್ಮ ಹಾಡಿನ ಕವಿಯೂ ದೇವರ ಜಾಗದಲ್ಲಿ ಹಸಿದ ಹುಲಿಯನ್ನು ನಿಲ್ಲಿಸಿದವನೇ ಅಲ್ವಾ?

ಶಾಲೆಯಲ್ಲಿ ಈ ಹಾಡು ಹೇಳಿಕೊಡುವ ಮೇಷ್ಟ್ರು, ಟೀಚರ್‌ಗಳಲ್ಲಿ ನನ್ನದೊಂದು ಕೋರಿಕೆ. ಹುಲಿ ಸಾಯುವ ಸಾಲನ್ನು ಓದಿ ಸುಮ್ನೆ ಮುಂದಕ್ಕೆ ಹೋಗಬೇಡಿ, ಮಕ್ಕಳು ಕೇಳುವ ತನಕ ಕಾಯಿರಿ. ತರೀಕೆರೆ, ಮೂಡಿಗೆರೆ ಕಡೆಯ ತರಗತಿಯಾದರೆ ದನ ಕಳೆದುಕೊಂಡ ಮನೆಯ ಮಗುವೂ ಅಲ್ಲಿ ಇರಬಹುದು. ಅದು ಹುಲಿಯ ಬಗ್ಗೆ ಏನು ಹೇಳುತ್ತದೋ ಅದನ್ನೂ ಪೂರ್ತಿ ಕೇಳಿ.