ಕಂದು ಚರ್ಮಕ್ಕೂ ಬರುವ ಕ್ಯಾನ್ಸರ್

ಚರ್ಮದ ಕ್ಯಾನ್ಸರ್ ಅಂದ ಕೂಡಲೇ ಬಿಸಿಲು, ಸನ್‌ಸ್ಕ್ರೀನ್ ಅಂತ ಮಾತು ಶುರುವಾಗುತ್ತದೆ. ಆಸ್ಟ್ರೇಲಿಯಾದ ಬಿಳಿಯರ ಮಟ್ಟಿಗೆ ಅದು ಸರಿ. ಅವರ ಚರ್ಮದಲ್ಲಿ ಬಣ್ಣ ಕೊಡುವ ಮೆಲನಿನ್ ಕಡಿಮೆ, ಹಾಗಾಗಿ ಬಿಸಿಲಿನ ಅತಿನೇರಳೆ ಕಿರಣ ಜೀವಕೋಶದ ಡಿಎನ್‌ಎಯನ್ನು ಸುಲಭವಾಗಿ ಕೆಡಿಸುತ್ತದೆ. ನಮ್ಮಲ್ಲಿ ಮೆಲನಿನ್ ಜಾಸ್ತಿ, ಕಾಯಿಲೆ ಕಡಿಮೆ. ಆದರೆ ಬಂದಾಗ ಯಾರೂ ಅನುಮಾನ ಪಡದ ಜಾಗದಲ್ಲಿ ಬರುತ್ತದೆ, ತಡವಾಗಿ ಗೊತ್ತಾಗುತ್ತದೆ. ನನ್ನನ್ನು ಕಾಡುವುದು ಇದೇ.

ಹಳೇ ಸುಟ್ಟ ಗಾಯವನ್ನೇ ನೋಡಿ. ಚಿಕ್ಕಂದಿನಲ್ಲಿ ಕುದಿಯುವ ನೀರು ಚೆಲ್ಲಿಯೋ, ಒಲೆಯ ಬೆಂಕಿ ತಗುಲಿಯೋ ಆದ ಗಾಯ ಮಾಯ್ದರೂ ಚರ್ಮ ಬಿಗಿದುಕೊಂಡಿರುತ್ತದೆ. ಅದು ಮೊಣಕಾಲಿನ ಹಿಂದೆ ಇದ್ದರೆ ಕಾಲು ಮಡಚಿದಾಗಲೆಲ್ಲ ಬಿರಿಯುತ್ತದೆ, ಮಾಯುತ್ತದೆ, ಮತ್ತೆ ಬಿರಿಯುತ್ತದೆ, ಹೀಗೇ ವರ್ಷಗಟ್ಟಲೆ ಅಲ್ಲಿ ಹೊಸ ಕೋಶಗಳು ಹುಟ್ಟುತ್ತಲೇ ಇರಬೇಕಾಗಿ, ಡಿಎನ್‌ಎಯಲ್ಲಿ ತಪ್ಪುಗಳು ಸೇರುತ್ತಾ ಹೋಗಿ, ಎಷ್ಟೋ ಸಲ 20-30 ವರ್ಷ ಕಳೆದ ಮೇಲೆ ಕ್ಯಾನ್ಸರ್ ಆಗುತ್ತದೆ. ಡಾಕ್ಟರುಗಳು ಇದನ್ನು ಮಾರ್ಜೋಲಿನ್ ಹುಣ್ಣು ಅನ್ನುತ್ತಾರೆ. ಕಾಶ್ಮೀರದಲ್ಲಿ ಚಳಿಗೆ ಫಿರನ್ ಅನ್ನುವ ನಿಲುವಂಗಿಯ ಒಳಗೆ ಕಾಂಗ್ಡಿ ಅನ್ನುವ ಕೆಂಡದ ಮಡಕೆ ಇಟ್ಟುಕೊಳ್ಳುವವರಿಗೆ ಹೊಟ್ಟೆ, ತೊಡೆಯ ಮೇಲೆ ಬರುವ ಕ್ಯಾನ್ಸರಿಗೂ ವರ್ಷಾನುಗಟ್ಟಲೆ ತಗುಲಿದ ಬಿಸಿಯೇ ಕಾರಣ.

ಕುಡಿಯುವ ನೀರಿನಿಂದಲೂ ಬರುತ್ತದೆ. ಯಾದಗಿರಿ ಜಿಲ್ಲೆ ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದಲ್ಲಿ ಬೋರ್‌ವೆಲ್ ನೀರಿನ ಆರ್ಸೆನಿಕ್‌ನಿಂದ ಜನರ ಚರ್ಮ ಕೆಟ್ಟಿತ್ತು. ಪಶ್ಚಿಮ ಬಂಗಾಳದಲ್ಲಂತೂ ಇದು ದೊಡ್ಡ ಸಂಕಟ. ಈ ವಿಷಕ್ಕೆ ಬಣ್ಣವಿಲ್ಲ, ರುಚಿಯಿಲ್ಲ. ಲೀಟರಿಗೆ 10 ಮೈಕ್ರೋಗ್ರಾಂ ದಾಟಬಾರದು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ಅಂಗೈ, ಅಂಗಾಲಿನಲ್ಲಿ ಗಟ್ಟಿ ಗಂಟುಗಳು ಎದ್ದರೆ ಸುಮ್ನೆ ಆಣಿ ಅಂದುಕೊಳ್ಳುವ ಮೊದಲು ಊರಿನ ನೀರು ಪರೀಕ್ಷೆ ಮಾಡಿಸಬೇಕು.

ಇನ್ನು ಮೆಲನೋಮಾ, ಅಂದರೆ ಮೆಲನಿನ್ ತಯಾರಿಸುವ ಕೋಶಗಳಲ್ಲೇ ಹುಟ್ಟುವ ಕ್ಯಾನ್ಸರ್. ಕಪ್ಪು, ಕಂದು ಬಣ್ಣದವರಿಗೆ ಅದು ಹೆಚ್ಚಾಗಿ ಬರುವುದು ಅಂಗಾಲಿನಲ್ಲಿ, ಉಗುರಿನ ಕೆಳಗೆ, ಅಂದರೆ ಬಿಸಿಲೇ ಬೀಳದ ಕಡೆ. ಗಾಯಕ ಬಾಬ್ ಮಾರ್ಲಿಗೆ 1977ರಲ್ಲಿ ಕಾಲ್ಬೆರಳಿನ ಉಗುರಿನಡಿ ಸಿಕ್ಕಿದ್ದು ಇದೇ. 1981ರಲ್ಲಿ ತೀರಿಕೊಂಡಾಗ ಅವರಿಗೆ ಬರೀ 36 ವರ್ಷ.

ಹುಟ್ಟಿನಿಂದಲೇ ಮೆಲನಿನ್ ಇಲ್ಲದ ಆಲ್ಬಿನಿಸಂ ಮಕ್ಕಳಿಗೆ ನಮ್ಮೂರಲ್ಲೂ ಬಿಸಿಲು ನಿಜವಾದ ಅಪಾಯ. ಅವರಿಗೆ ಟೋಪಿ, ತುಂಬುತೋಳಿನ ಅಂಗಿ ಬೇಕೇ ಬೇಕು. ಕಿಡ್ನಿ ಕಸಿ ಮಾಡಿಸಿಕೊಂಡು ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ತಿನ್ನುವವರೂ ಹುಷಾರಾಗಿರಬೇಕು.

ಒಂದು ತಿಂಗಳಾದರೂ ಮಾಯದ ಹುಣ್ಣು, ಅದರಲ್ಲೂ ಹಳೇ ಕಲೆಯ ಮೇಲೆ ಎದ್ದದ್ದು, ಇದ್ದರೆ ಮುಲಾಮು ಬದಲಿಸುತ್ತಾ ಕೂರಬೇಡಿ. ಬಯಾಪ್ಸಿ, ಅಂದರೆ ಹುಣ್ಣಿನ ಚೂರು ತೆಗೆದು ಮಾಡುವ ಪರೀಕ್ಷೆ, ಬೇಕಾ ಅಂತ ಚರ್ಮದ ಡಾಕ್ಟರನ್ನು ನೀವೇ ಬಾಯಿಬಿಟ್ಟು ಕೇಳಿ.